ನೀಟ್ ಮುಂದೂಡಬೇಕೇ? ಪರೀಕ್ಷೆ ಮುಂದೆ ಹೋದಾಗ ಹಿಂದೆ ಬೀಳೋರು ಯಾರು?

ನೀಟ್ ಹತ್ತಿರ ಬಂತು ಅಂದ್ರೆ ಸಾಕು, ಸಾಮಾಜಿಕ ಜಾಲತಾಣಗಳಲ್ಲಿ ಎರಡು ಬಣ ಹುಟ್ಟಿಕೊಳ್ಳುತ್ತವೆ. ಒಂದು ‘ಮುಂದೂಡಿ’ ಅನ್ನೋದು, ಇನ್ನೊಂದು ‘ಮುಂದೂಡಲೇಬೇಡಿ’ ಅನ್ನೋದು. ಕಾರಣ ಮಾತ್ರ ವರ್ಷಕ್ಕೊಂದು: ಕೋವಿಡ್, ಚಂಡಮಾರುತ, ಗಲಭೆ, ಕೌನ್ಸೆಲಿಂಗ್ ವಿಳಂಬ, ಪ್ರಶ್ನೆಪತ್ರಿಕೆ ಸೋರಿಕೆಯ ಅನುಮಾನ.

2020ರಲ್ಲಿ ನಾನು ಮೊದಲನೇ ಬಣದಲ್ಲಿದ್ದೆ. ಆಗಷ್ಟೇ ದ್ವಿತೀಯ ಪಿಯುಸಿ ಮುಗಿದಿತ್ತು. ಕೊಪ್ಪಳ ಜಿಲ್ಲೆಯ ನಮ್ಮೂರಲ್ಲಿ ಕೂತು ಅಣ್ಣನ ಫೋನಿನಿಂದ ಪರೀಕ್ಷೆ ಮುಂದೂಡಿ ಅಂತ ಟ್ವೀಟ್ ಮೇಲೆ ಟ್ವೀಟ್ ಹಾಕ್ತಿದ್ದೆ. ಅಪ್ಪನಿಗೆ ಸಕ್ಕರೆ ಕಾಯಿಲೆ. ನಾನು ಹುಬ್ಬಳ್ಳಿಗೆ ಹೋಗಿ ಪರೀಕ್ಷೆ ಬರೆದು ಮನೆಗೆ ಕೊರೊನಾ ತಂದರೆ ಅನ್ನೋ ಭಯ ರಾತ್ರಿ ನಿದ್ದೆ ಕೊಡ್ತಿರಲಿಲ್ಲ.

ಒಂದಿನ ಹಾಸ್ಟೆಲಿನ ಗೆಳತಿಗೆ ಫೋನ್ ಮಾಡಿ ‘ನೀನೂ ಟ್ವೀಟ್ ಮಾಡ್ಲೇ’ ಅಂದೆ. ಮಾರ್ಚಿನಲ್ಲಿ ಹಾಸ್ಟೆಲ್ ಮುಚ್ಚಿದಾಗ ಅವಳ ಅರ್ಧ ಪುಸ್ತಕ ಅಲ್ಲೇ ಉಳಿದಿದ್ದವು. ಮನೆಯಲ್ಲಿ ಒಂದೇ ಕೋಣೆ, ಆರು ಜನ. ಮುಂಗಾರು ಬಂದಮೇಲೆ ಬೆಳಿಗ್ಗೆ ಹೊಲಕ್ಕೆ ಹೋದರೆ ಬರೋದು ಸಂಜೆಗೆ. ಅವಳು ಅಂದಿದ್ದು ಇಷ್ಟೇ: ‘ನಿಂಗೇನ್ಲೇ, ಮುಂದೂಡ್ರಿ ಮುಂದೂಡ್ರಿ ಅಂತೀ. ಪರೀಕ್ಷೆ ಮುಂದ ಹೋದಷ್ಟೂ ನಾ ಹಿಂದ ಬೀಳ್ತೀನಿ ನೋಡು.’

ಅವತ್ತು ನನಗೆ ಸಿಟ್ಟು ಬಂತು. ಈಗ ಯೋಚಿಸಿದರೆ ಇಬ್ಬರೂ ಸರಿಯಿದ್ದೆವು ಅನ್ನಿಸುತ್ತೆ. ಮುಂದೂಡಬೇಕೋ ಬೇಡವೋ ಅನ್ನೋ ಪ್ರಶ್ನೆಗೆ ಒಂದೇ ಪದದ ಉತ್ತರ ಇಲ್ಲ. ಯಾರಿಗಾಗಿ, ಎಷ್ಟು ದಿನ, ಎಷ್ಟು ಮೊದಲೇ ಹೇಳಿ, ಈ ನಡುವೆ ಏನನ್ನು ಸರಿಮಾಡಿ ಅಂತ ಕೇಳಿದರೆ ಮಾತ್ರ ಉತ್ತರ ಸಿಗುತ್ತೆ. ಮುಂದಿನ ಸಲ ಈ ಚರ್ಚೆ ಶುರುವಾದಾಗ ಕೈಯಲ್ಲಿರಲಿ ಅಂತ, ಕಳೆದ ಕೆಲವು ವರ್ಷಗಳ ಅನುಭವವನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ದಿನಾಂಕ ಯಾರ ಕೈಯಲ್ಲಿದೆ?

ಎಂಬಿಬಿಎಸ್ ಪ್ರವೇಶದ ನೀಟ್-ಯುಜಿಯನ್ನು 2019ರಿಂದ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ, ಅಂದರೆ ಎನ್‌ಟಿಎ ನಡೆಸುತ್ತಿದೆ. ಅದು ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯಲ್ಲಿದೆ. ಎಂಬಿಬಿಎಸ್ ಮುಗಿಸಿದವರು ಎಂಡಿ, ಎಂಎಸ್ ಸೇರಲು ಬರೆಯುವ ನೀಟ್-ಪಿಜಿಯನ್ನು ನಡೆಸೋದು ಎನ್‌ಬಿಇಎಂಎಸ್. ಅದು ಬರೋದು ಆರೋಗ್ಯ ಸಚಿವಾಲಯದ ಕೆಳಗೆ. ರಾಜ್ಯ ಸರ್ಕಾರಗಳಿಗೆ ದಿನಾಂಕದ ಮೇಲೆ ಯಾವ ಹಿಡಿತವೂ ಇಲ್ಲ. ನಮ್ಮ ಕೆಇಎ ರಾಜ್ಯ ಕೋಟಾದ ಸೀಟು ಹಂಚುತ್ತೆ, ಆದರೆ ಪರೀಕ್ಷೆಯನ್ನು ಒಂದು ಗಂಟೆ ಆಚೀಚೆ ಮಾಡೋ ಅಧಿಕಾರವೂ ಅದಕ್ಕಿಲ್ಲ.

ಹಾಗಾಗಿ ಎಲ್ಲರೂ ಕೊನೆಗೆ ಓಡೋದು ಸುಪ್ರೀಂ ಕೋರ್ಟಿಗೆ. ಅಲ್ಲಿ ಏನಾಗಿದೆ ನೋಡಿ. 2020ರ ಆಗಸ್ಟ್ 17ರಂದು ನೀಟ್-ಯುಜಿ ಮುಂದೂಡಲು ಕೋರ್ಟ್ ಒಪ್ಪಲಿಲ್ಲ. 2021ರ ಸೆಪ್ಟೆಂಬರ್ 6ರಂದು ಮತ್ತೆ ಯುಜಿಗೆ ಇಲ್ಲ ಅಂದಿತು. 2022ರ ಮೇ 13, 2023ರ ಫೆಬ್ರುವರಿ 27, 2024ರ ಆಗಸ್ಟ್ 9ರಂದು ಪಿಜಿ ಪರೀಕ್ಷೆಗೂ ಅದೇ ಉತ್ತರ. ಐದು ವರ್ಷ, ಐದು ಸಲ ‘ಆಗಲ್ಲ’.

ಇದೇ ಅವಧಿಯಲ್ಲಿ ಸರ್ಕಾರ ಮತ್ತು ಅದರ ಸಂಸ್ಥೆಗಳು ತಾವಾಗಿಯೇ ಪರೀಕ್ಷೆಗಳನ್ನು ಪದೇ ಪದೇ ಮುಂದೂಡಿವೆ. 2020ರ ಯುಜಿ ಮುಂದಕ್ಕೆ ಹೋಯಿತು. 2021ರ ಯುಜಿ ಆಗಸ್ಟ್ 1ರಿಂದ ಸೆಪ್ಟೆಂಬರ್ 12ಕ್ಕೆ ಹೋಯಿತು. ಪಿಜಿ ಪರೀಕ್ಷೆ 2021, 2022, 2024ರಲ್ಲಿ ಜಾಗ ಬದಲಿಸಿತು. ಅಂದರೆ ಮುಂದೂಡೋದು ಕೋರ್ಟಲ್ಲ, ಸರ್ಕಾರ. ಪರೀಕ್ಷೆಗೆ ನಾಲ್ಕು ದಿನ ಇರುವಾಗ ವಕೀಲರ ಫೀಸಿಗೆ ಚಂದಾ ಎತ್ತೋದಕ್ಕಿಂತ, ಎರಡು ತಿಂಗಳು ಮೊದಲೇ ಸಚಿವಾಲಯದ ಮೇಲೆ, ನಿಮ್ಮ ಸಂಸದರ ಮೇಲೆ ಒತ್ತಡ ಹಾಕೋದು ಹೆಚ್ಚು ಕೆಲಸಕ್ಕೆ ಬರುತ್ತೆ. ಇದು ಕಾನೂನಿನ ಪ್ರಶ್ನೆಗಿಂತ ರಾಜಕೀಯ ಪ್ರಶ್ನೆ.

2020: ನಾಲ್ಕು ತಿಂಗಳು ಕಾದು ಪಡೆದಿದ್ದೇನು?

ಆ ವರ್ಷ ನೀಟ್ ಮೇ 3ಕ್ಕೆ ನಿಗದಿಯಾಗಿತ್ತು. ಲಾಕ್‌ಡೌನ್ ಬಂದಮೇಲೆ ಮುಂದೂಡಿದರು. ಮೇ ತಿಂಗಳಲ್ಲಿ ಜುಲೈ 26 ಅಂತ ಹೇಳಿದರು. ಜುಲೈ 3ರಂದು ಅದನ್ನೂ ಬಿಟ್ಟು ಸೆಪ್ಟೆಂಬರ್ 13 ಅಂದರು.

ಈಗ ಕೊರೊನಾ ಲೆಕ್ಕ ಪಕ್ಕದಲ್ಲಿಟ್ಟು ನೋಡಿ. ಮೇ 3ರ ಹೊತ್ತಿಗೆ ದೇಶದಲ್ಲಿ ಅಲ್ಲಿಯವರೆಗೆ ಪತ್ತೆಯಾಗಿದ್ದ ಒಟ್ಟು ಪ್ರಕರಣಗಳೇ ಸುಮಾರು 40 ಸಾವಿರ. ಸೆಪ್ಟೆಂಬರ್ 13ರ ಆಸುಪಾಸಿನಲ್ಲಿ ಒಂದೊಂದು ದಿನಕ್ಕೇ 90 ಸಾವಿರಕ್ಕೂ ಹೆಚ್ಚು ಹೊಸ ಪ್ರಕರಣ ಬರ್ತಿದ್ದವು. ಮೊದಲ ಅಲೆ ತುತ್ತತುದಿಗೆ ಏರಿದ್ದೇ ಆ ವಾರದಲ್ಲಿ. ಸೋಂಕಿನಿಂದ ತಪ್ಪಿಸಿಕೊಳ್ಳೋಕೆ ಅಂತ ಮುಂದೂಡಿ, ಸೋಂಕಿನ ಶಿಖರದ ಮೇಲೆ ತಂದು ಕೂರಿಸಿದ ಹಾಗಾಯ್ತು.

ಹಾಗಂತ ಮೇ ತಿಂಗಳಲ್ಲೇ ನಡೆಸಬಹುದಿತ್ತು ಅಂತ ನಾನು ಹೇಳಲ್ಲ. ಬಸ್ಸಿಲ್ಲ, ರೈಲಿಲ್ಲ, ಜಿಲ್ಲೆ ದಾಟೋಕೆ ಪಾಸ್ ಬೇಕಿದ್ದ ದಿನಗಳವು. ನಡುವಿನ ಸಮಯದಲ್ಲಿ ಒಂದಷ್ಟು ಕೆಲಸವೂ ಆಯಿತು. ಪರೀಕ್ಷಾ ಕೇಂದ್ರಗಳ ಸಂಖ್ಯೆ 2,546ರಿಂದ 3,843ಕ್ಕೆ ಏರಿತು. ಒಂದು ಕೋಣೆಗೆ 24 ಜನರ ಬದಲು 12 ಜನರನ್ನು ಕೂರಿಸಿದರು. ಮುಂದೂಡಿಕೆಯಿಂದ ಸಿಕ್ಕ ನಿಜವಾದ ಲಾಭ ಇದು. ಸಮಯ ಕಳೆದಿದ್ದರಿಂದ ಅಲ್ಲ, ಆ ಸಮಯದಲ್ಲಿ ವ್ಯವಸ್ಥೆ ಬದಲಾಗಿದ್ದರಿಂದ ಪರೀಕ್ಷೆ ಸ್ವಲ್ಪ ಸುರಕ್ಷಿತವಾಯಿತು.

ಆಗಸ್ಟ್ 17ರ ಆದೇಶದ ನಂತರ ಪಶ್ಚಿಮ ಬಂಗಾಳ, ಜಾರ್ಖಂಡ್, ರಾಜಸ್ಥಾನ, ಛತ್ತೀಸ್‌ಗಢ, ಪಂಜಾಬ್, ಮಹಾರಾಷ್ಟ್ರ ಈ ಆರು ರಾಜ್ಯಗಳ ಸಚಿವರು ಮರುಪರಿಶೀಲನಾ ಅರ್ಜಿ ಹಾಕಿದರು. ಸೆಪ್ಟೆಂಬರ್ 4ರಂದು ಅದೂ ವಜಾ ಆಯಿತು. ಬದುಕು ಸಾಗಲೇಬೇಕು, ವಿದ್ಯಾರ್ಥಿಗಳ ಒಂದಿಡೀ ವರ್ಷ ಹಾಳಾಗಬಾರದು ಅನ್ನೋದು ಕೋರ್ಟಿನ ನಿಲುವಾಗಿತ್ತು.

ನಾವು ಮೂರು ಮನೆಯವರು ಸೇರಿ ಒಂದು ಗಾಡಿ ಬಾಡಿಗೆಗೆ ಮಾಡಿಕೊಂಡು ಹುಬ್ಬಳ್ಳಿಗೆ ಹೋದೆವು. ನೂರು ಕಿಲೋಮೀಟರ್ ಮೀರಿದ ದಾರಿ. ನನ್ನ ಕೋಣೆಯಲ್ಲಿ ಮೂರು ಬೆಂಚು ಖಾಲಿ ಇದ್ದವು. ಯಾಕೆ ಖಾಲಿ ಅಂತ ಅವತ್ತು ಯೋಚಿಸಲಿಲ್ಲ. ಆಮೇಲೆ ಅಂಕಿ ಬಂದಾಗ ಗೊತ್ತಾಯ್ತು: ಆ ವರ್ಷ ಹೆಸರು ನೋಂದಾಯಿಸಿದ್ದವರು 15.97 ಲಕ್ಷ, ಬರೆದವರು ಸುಮಾರು 13.67 ಲಕ್ಷ. ಅಂದರೆ 2.3 ಲಕ್ಷ ಜನ ಬರಲೇ ಇಲ್ಲ. ಹಿಂದಿನ ವರ್ಷ, 2019ರಲ್ಲಿ, 15.19 ಲಕ್ಷದಲ್ಲಿ ಬರದಿದ್ದವರು 1.09 ಲಕ್ಷ. ಗೈರಾದವರೆಲ್ಲ ಕೊರೊನಾ ಕಾರಣಕ್ಕೇ ತಪ್ಪಿಸಿಕೊಂಡರು ಅನ್ನೋಕಾಗಲ್ಲ. ಆದರೆ ಒಂದೇ ವರ್ಷದಲ್ಲಿ ಆ ಸಂಖ್ಯೆ ಎರಡು ಪಟ್ಟು ದಾಟಿದ್ದನ್ನು ಸುಮ್ಮನೆ ಬಿಡೋಕೂ ಆಗಲ್ಲ.

ಎಲ್ಲರಿಗೂ ಮುಂದೂಡಬೇಕಾ, ಕೆಲವರಿಗೆ ಇನ್ನೊಂದು ದಿನ ಕೊಡಬೇಕಾ?

ನಮ್ಮ ಚರ್ಚೆಯಲ್ಲಿ ಸದಾ ಮರೆತುಹೋಗೋ ಮೂರನೇ ದಾರಿ ಇದು. ಇದಕ್ಕೆ ಅತ್ಯುತ್ತಮ ಉದಾಹರಣೆ ನಮ್ಮ ಉತ್ತರ ಕರ್ನಾಟಕದ್ದೇ.

2019ರ ಮೇ 5ರಂದು ನೀಟ್ ಇತ್ತು. ಬೆಂಗಳೂರಿನಲ್ಲಿ ಕೇಂದ್ರ ಸಿಕ್ಕಿದ್ದ ನೂರಾರು ಮಕ್ಕಳು ಹಿಂದಿನ ದಿನ ಹಂಪಿ ಎಕ್ಸ್‌ಪ್ರೆಸ್ ಹತ್ತಿದ್ದರು. ಬೆಳಿಗ್ಗೆ ತಲುಪಬೇಕಿದ್ದ ರೈಲು ಗಂಟೆಗಟ್ಟಲೆ ತಡವಾಗಿ, ಪರೀಕ್ಷಾ ಕೇಂದ್ರದ ಬಾಗಿಲು ಮುಚ್ಚಿದ ಮೇಲೆ ಬೆಂಗಳೂರು ಸೇರಿತು. ಮಧ್ಯಾಹ್ನ 1.30ರ ನಂತರ ಒಳಗೆ ಬಿಡಲ್ಲ ಅನ್ನೋದು ನೀಟ್ ನಿಯಮ. ಅವತ್ತು ಮುಖ್ಯಮಂತ್ರಿಯಾಗಿದ್ದ ಎಚ್.ಡಿ. ಕುಮಾರಸ್ವಾಮಿ ಕೇಂದ್ರವನ್ನು ಕೇಳಿಕೊಂಡರು, ಸಿದ್ದರಾಮಯ್ಯ ದನಿಗೂಡಿಸಿದರು. ಮಾನವ ಸಂಪನ್ಮೂಲ ಸಚಿವರಾಗಿದ್ದ ಪ್ರಕಾಶ್ ಜಾವಡೇಕರ್ ಇನ್ನೊಂದು ಅವಕಾಶ ಕೊಡುವುದಾಗಿ ಹೇಳಿದರು. ಅದೇ ಹೊತ್ತಿಗೆ ಫೋನಿ ಚಂಡಮಾರುತ ಅಪ್ಪಳಿಸಿದ್ದ ಒಡಿಶಾದಲ್ಲಿ ಪರೀಕ್ಷೆ ಮೊದಲೇ ಮುಂದೂಡಿಕೆಯಾಗಿತ್ತು. ಇವರಿಗೂ ಅವರಿಗೂ ಸೇರಿ ಮೇ 20ರಂದು ಪರೀಕ್ಷೆ ನಡೆಯಿತು. ಉಳಿದ ಲಕ್ಷಾಂತರ ಜನರ ಒಂದು ದಿನವೂ ಹಾಳಾಗಲಿಲ್ಲ.

2020ರಲ್ಲೂ ಇದೇ ಆಯಿತು, ಆದರೆ ತಡವಾಗಿ. ಸೋಂಕು ತಗುಲಿದ್ದ ಅಥವಾ ಕಂಟೈನ್‌ಮೆಂಟ್ ವಲಯದಲ್ಲಿ ಸಿಕ್ಕಿಕೊಂಡಿದ್ದ ಅಭ್ಯರ್ಥಿಗಳಿಗೆ ಅಕ್ಟೋಬರ್ 14ರಂದು ಮತ್ತೆ ಪರೀಕ್ಷೆ ಮಾಡಲು ಸುಪ್ರೀಂ ಕೋರ್ಟ್ ಅನುಮತಿ ಕೊಟ್ಟಿದ್ದು ಅಕ್ಟೋಬರ್ 12ಕ್ಕೆ! ಎರಡೇ ದಿನ ಮೊದಲು. ಆಗಷ್ಟೇ ಜ್ವರದಿಂದ ಎದ್ದ ಹುಡುಗಿಗೆ ಎರಡು ದಿನದಲ್ಲಿ ತಯಾರಾಗು ಅಂದ ಹಾಗೆ. ಈ ಎರಡನೇ ದಿನಾಂಕವನ್ನು ಆಗಸ್ಟಿನಲ್ಲೇ ಘೋಷಿಸಿದ್ದರೆ ಟ್ವಿಟರ್ ಜಗಳದ ಅರ್ಧ ಅಲ್ಲಿಗೇ ಮುಗೀತಿತ್ತು. ನನ್ನಂಥವರ ಭಯಕ್ಕೂ ಉತ್ತರ ಸಿಗ್ತಿತ್ತು, ಗೆಳತಿಯ ಪರೀಕ್ಷೆಯೂ ಮುಂದೆ ಹೋಗ್ತಿರಲಿಲ್ಲ.

2023ರಲ್ಲಿ ಮಣಿಪುರ. ಮೇ 3ರಂದು ಹಿಂಸಾಚಾರ ಶುರುವಾಯಿತು, ಮೇ 7ರಂದು ನೀಟ್ ಇತ್ತು. ಅಲ್ಲಿ ಕೇಂದ್ರ ಸಿಕ್ಕಿದ್ದ 8,700ಕ್ಕೂ ಹೆಚ್ಚು ಅಭ್ಯರ್ಥಿಗಳಿಗೆ ಮಾತ್ರ ಮುಂದೂಡಿ, ಜೂನ್ 6ರಂದು ಬೇರೆ ಬೇರೆ ನಗರಗಳಲ್ಲಿ ಪರೀಕ್ಷೆ ನಡೆಸಿದರು.

ಈ ದಾರಿಗೂ ಒಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ಎರಡು ದಿನ ಅಂದರೆ ಎರಡು ಪ್ರಶ್ನೆಪತ್ರಿಕೆ. ಒಂದು ಸುಲಭ, ಇನ್ನೊಂದು ಕಷ್ಟ ಆದರೆ? ಒಂದೊಂದು ಅಂಕಕ್ಕೆ ಸಾವಿರಾರು ರ‍್ಯಾಂಕ್ ಏರುಪೇರಾಗೋ ಪರೀಕ್ಷೆ ಇದು. 2025ರ ಮೇ 30ರಂದು ನೀಟ್-ಪಿಜಿಯನ್ನು ಎರಡು ಪಾಳಿಯ ಬದಲು ಒಂದೇ ಪಾಳಿಯಲ್ಲಿ ಮಾಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದೂ ಇದೇ ಕಾರಣಕ್ಕೆ: ಎರಡು ಪತ್ರಿಕೆ ಒಂದೇ ಮಟ್ಟದಲ್ಲಿ ಇರೋಕೆ ಸಾಧ್ಯವಿಲ್ಲ. ಹಾಗಾಗಿ ಎರಡನೇ ದಿನಾಂಕ ಅನ್ನೋದು ನಿಜವಾಗಿ ಬರೆಯೋಕೆ ಆಗದೇ ಹೋದ ಸಣ್ಣ ಗುಂಪಿಗೆ ಸರಿ. ಎಲ್ಲರಿಗೂ ‘ಇಷ್ಟವಾದ ದಿನ ಬನ್ನಿ’ ಅನ್ನೋಕಾಗಲ್ಲ.

ಒಂದು ಮುಂದೂಡಿಕೆ ಇನ್ನೊಂದನ್ನು ಹೆರುತ್ತೆ

ಪರೀಕ್ಷೆ ಮುಂದೆ ಹೋದರೆ ಅಭ್ಯರ್ಥಿಗಳಿಗೆ ಮಾತ್ರ ತೊಂದರೆ ಅಂತ ನಾನೂ ಅಂದುಕೊಂಡಿದ್ದೆ. ನೀಟ್-ಪಿಜಿಯ ಕಥೆ ಬೇರೆಯೇ ಹೇಳುತ್ತೆ.

ನಮ್ಮ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ, ತುರ್ತು ಚಿಕಿತ್ಸೆ, ವಾರ್ಡಿನ ಓಡಾಟದ ಹೆಚ್ಚಿನ ಪಾಲು ಹೊರೋದು ಪಿಜಿ ವಿದ್ಯಾರ್ಥಿಗಳು. ಮೂರು ವರ್ಷದ ಕೋರ್ಸ್, ಮೂರು ಬ್ಯಾಚ್. ಕೊನೆ ವರ್ಷದವರು ಮುಗಿಸಿ ಹೋಗೋ ಹೊತ್ತಿಗೆ ಹೊಸಬರು ಬರಬೇಕು. ಪರೀಕ್ಷೆ ಮುಂದೆ ಹೋದರೆ ಹೊಸಬರು ಬರಲ್ಲ. ಮೂರು ಬ್ಯಾಚಿನ ಕೆಲಸ ಎರಡು ಬ್ಯಾಚಿನ ಹೆಗಲ ಮೇಲೆ ಬೀಳುತ್ತೆ.

2021ರ ನೀಟ್-ಪಿಜಿ ಏಪ್ರಿಲ್ 18ಕ್ಕಿತ್ತು. ಎರಡನೇ ಅಲೆ ಜೋರಾಗಿ ಏಪ್ರಿಲ್ 15ರಂದು ಮುಂದೂಡಿದರು. ಮೇ 3ರಂದು, ಕನಿಷ್ಠ ನಾಲ್ಕು ತಿಂಗಳು ಪರೀಕ್ಷೆ ಇಲ್ಲ ಅಂತ ಪ್ರಧಾನಿ ಕಚೇರಿ ಹೇಳಿತು. ಆಸ್ಪತ್ರೆಗಳಿಗೆ ವೈದ್ಯರು ಬೇಕಿತ್ತು, ಪರೀಕ್ಷೆಗೆ ಓದುತ್ತಿದ್ದವರನ್ನು ಕೋವಿಡ್ ಕೆಲಸಕ್ಕೆ ಕರೆದರು. ಈ ಮುಂದೂಡಿಕೆಗೆ ಗಟ್ಟಿಯಾದ ಕಾರಣ ಇತ್ತು, ಅದನ್ನು ಒಪ್ಪಬೇಕು.

ಆದರೆ ಮುಂದೇನಾಯ್ತು? ಸೆಪ್ಟೆಂಬರ್ 11ರಂದು ಪರೀಕ್ಷೆ ಆಯಿತು. ಇಡಬ್ಲ್ಯೂಎಸ್ ಮೀಸಲಾತಿಯ 8 ಲಕ್ಷ ರೂಪಾಯಿ ಆದಾಯ ಮಿತಿಯ ಪ್ರಶ್ನೆ ಕೋರ್ಟಿನಲ್ಲಿದ್ದ ಕಾರಣ ಕೌನ್ಸೆಲಿಂಗ್ ನಿಂತಿತು. ಡಿಸೆಂಬರಿನಲ್ಲಿ ದೆಹಲಿಯ ನಿವಾಸಿ ವೈದ್ಯರು ಬೀದಿಗಿಳಿದರು. 2022ರ ಜನವರಿ 7ರಂದು ಕೋರ್ಟ್ ಅನುಮತಿ ಕೊಟ್ಟು, ಜನವರಿ 12ರಿಂದ ಕೌನ್ಸೆಲಿಂಗ್ ಶುರುವಾಯಿತು. ಅಷ್ಟೊತ್ತಿಗೆ ಮುಂದಿನ ವರ್ಷದ ಪರೀಕ್ಷೆ ಮಾರ್ಚ್ 12ಕ್ಕೆ ಬಂದು ನಿಂತಿತ್ತು. ಹಳೇ ಕೌನ್ಸೆಲಿಂಗೇ ಮುಗಿದಿಲ್ಲ, ಹೊಸ ಪರೀಕ್ಷೆ ಹೇಗೆ? ಅದನ್ನು ಮೇ 21ಕ್ಕೆ ತಳ್ಳಿದರು. ಇನ್ನೂ ಸ್ವಲ್ಪ ತಳ್ಳಿ ಅಂತ ಕೇಳಿದವರಿಗೆ ಮೇ 13ರಂದು ಸುಪ್ರೀಂ ಕೋರ್ಟ್ ಸಾಕು ಅಂತು. ಎರಡು ಲಕ್ಷಕ್ಕೂ ಹೆಚ್ಚು ವೈದ್ಯರು ಕಾಯ್ತಿದ್ದಾರೆ, ಇನ್ನೂ ತಡವಾದರೆ ವೈದ್ಯರ ಕೊರತೆಯಾಗಿ ರೋಗಿಗಳಿಗೆ ಪೆಟ್ಟು ಬೀಳುತ್ತೆ ಅನ್ನೋದು ಕೋರ್ಟಿನ ಮಾತು. ರೋಗಿಯೂ ಈ ಲೆಕ್ಕದೊಳಗೆ ಇದ್ದಾರೆ ಅಂತ ಸ್ಪಷ್ಟವಾಗಿ ಕೇಳಿಸಿದ ಸಂದರ್ಭ ಅದು.

ಹಿಂದಿನ ರಾತ್ರಿ ಮುಂದೂಡಿದರೆ?

2024ರ ಜೂನ್ 23ರಂದು ನೀಟ್-ಪಿಜಿ ಇತ್ತು. ಆ ತಿಂಗಳಿಡೀ ನೀಟ್-ಯುಜಿಯ ಗದ್ದಲ ನಡೀತಿತ್ತು. 67 ಜನರಿಗೆ 720ಕ್ಕೆ 720, ಕೃಪಾಂಕದ ವಿವಾದ, ಪ್ರಶ್ನೆಪತ್ರಿಕೆ ಸೋರಿಕೆಯ ತನಿಖೆ. ಪಿಜಿ ಪರೀಕ್ಷೆಯೂ ಶುದ್ಧವಾಗಿದೆಯಾ ಅಂತ ನೋಡಬೇಕು ಅನ್ನೋ ಕಾರಣ ಕೊಟ್ಟು ಜೂನ್ 22ರ ರಾತ್ರಿ ಆರೋಗ್ಯ ಸಚಿವಾಲಯ ಪರೀಕ್ಷೆಯನ್ನು ಮುಂದೂಡಿತು. ಅಷ್ಟೊತ್ತಿಗೆ ಎಷ್ಟೋ ವೈದ್ಯರು ಬೇರೆ ಊರಿನ ಲಾಡ್ಜುಗಳಲ್ಲಿದ್ದರು, ಕೆಲವರು ಇನ್ನೂ ರೈಲಿನಲ್ಲಿದ್ದರು. ಹೊಸ ದಿನಾಂಕವನ್ನೂ ಅವತ್ತು ಹೇಳಲಿಲ್ಲ. ಕೊನೆಗೆ ಪರೀಕ್ಷೆ ನಡೆದಿದ್ದು ಆಗಸ್ಟ್ 11ಕ್ಕೆ.

ಸೋರಿಕೆಯ ಸಂಶಯ ಇದ್ದರೆ ನಿಲ್ಲಿಸೋದು ತಪ್ಪಲ್ಲ. ಸೋರಿದ ಪತ್ರಿಕೆಯಲ್ಲಿ ಪರೀಕ್ಷೆ ಮಾಡಿ ಆಮೇಲೆ ರದ್ದು ಮಾಡೋದು ಇನ್ನೂ ಕೆಟ್ಟದ್ದು. ಆದರೆ ಪರಿಶೀಲನೆ ಪರೀಕ್ಷೆಯ ಹಿಂದಿನ ರಾತ್ರಿ ನೆನಪಾದರೆ ಅದರ ಬಿಲ್ಲು ಕಟ್ಟೋದು ಅಭ್ಯರ್ಥಿ.

ಇದನ್ನು 2025ರ ಜೊತೆ ಹೋಲಿಸಿ. ಒಂದೇ ಪಾಳಿ ಅಂತ ಆದೇಶ ಬಂದಮೇಲೆ ಹೆಚ್ಚು ಕೇಂದ್ರಗಳು ಬೇಕು ಅಂತ ಎನ್‌ಬಿಇಎಂಎಸ್ ಸಮಯ ಕೇಳಿತು. ಜೂನ್ 15ರ ಪರೀಕ್ಷೆಯನ್ನು ಆಗಸ್ಟ್ 3ಕ್ಕೆ ಒಯ್ಯಲು ಕೋರ್ಟ್ ಜೂನ್ 6ರಂದು ಒಪ್ಪಿತು. ಎರಡೂ ವರ್ಷ ಪರೀಕ್ಷೆ ಮುಂದೆ ಹೋಗಿದ್ದು ಏಳೇ ವಾರ. ಆದರೆ ಎರಡನೇ ಸಲ ಕಾರಣ ಗೊತ್ತಿತ್ತು, ಹೊಸ ದಿನ ಗೊತ್ತಿತ್ತು, ಆ ಏಳು ವಾರದಲ್ಲಿ ಏನು ಕೆಲಸ ಆಗುತ್ತೆ ಅನ್ನೋದೂ ಗೊತ್ತಿತ್ತು.

ಮುಂದಿನ ಸಲ ಕೇಳಬೇಕಾದ ಐದು ಪ್ರಶ್ನೆ

ಮುಂದೂಡಿ ಅನ್ನೋ ಹ್ಯಾಷ್‌ಟ್ಯಾಗ್ ಕಂಡಾಗ ನಾನು ಈಗ ಈ ಐದನ್ನು ಕೇಳಿಕೊಳ್ತೀನಿ.

1. ಕಾರಣ ಎಲ್ಲರದ್ದೋ, ಕೆಲವರದ್ದೋ? ಕೆಲವರದ್ದಾದರೆ ಅವರಿಗೆ ಇನ್ನೊಂದು ದಿನ ಕೊಡಿ ಅನ್ನೋದೇ ಸರಿಯಾದ ಬೇಡಿಕೆ. ಹಂಪಿ ಎಕ್ಸ್‌ಪ್ರೆಸ್ಸಿನ ಮಕ್ಕಳಿಗೆ ಸಿಕ್ಕಿದ್ದು ಅದೇ.

2. ಹೊಸ ದಿನಾಂಕದ ಹೊತ್ತಿಗೆ ಕಾರಣ ಹೋಗಿರುತ್ತಾ? ನೆರೆ ಇಳಿಯುತ್ತೆ, ಚಂಡಮಾರುತ ದಾಟಿ ಹೋಗುತ್ತೆ. ಸಾಂಕ್ರಾಮಿಕ ರೋಗ ಕ್ಯಾಲೆಂಡರ್ ನೋಡಲ್ಲ. ಅಂಥ ಕಡೆ ದಿನಕ್ಕಿಂತ ವ್ಯವಸ್ಥೆ ಬದಲಿಸೋದು ಮುಖ್ಯ.

3. ಹೊಸ ದಿನಾಂಕ ಈಗಲೇ ಹೇಳ್ತಾರಾ? ‘ಮುಂದೆ ತಿಳಿಸಲಾಗುವುದು’ ಅಂದರೆ ಓದೋರಿಗೆ ಅದು ರಜೆಯಲ್ಲ, ಶಿಕ್ಷೆ.

4. ಕಾಯೋ ಖರ್ಚು ಯಾರದ್ದು? ಸ್ವಂತ ಕೋಣೆ, ವೈಫೈ, ಕೋಚಿಂಗ್ ಇರೋರಿಗೆ ಎರಡು ತಿಂಗಳು ಅಂದರೆ ಎರಡು ರಿವಿಷನ್. ಹಾಸ್ಟೆಲ್ ಮುಚ್ಚಿದವರಿಗೆ, ಕೂಲಿಗೆ ಹೋಗೋರಿಗೆ, ‘ಇದೇ ಕೊನೇ ವರ್ಷ, ಆಮೇಲೆ ಮದುವೆ’ ಅಂತ ಮನೆಯಲ್ಲಿ ಗಡುವು ಇರೋ ಹುಡುಗಿಯರಿಗೆ ಅದೇ ಎರಡು ತಿಂಗಳು ನಷ್ಟ. ಮುಂದೂಡಲೇಬೇಕಾದರೆ ಹಾಸ್ಟೆಲ್ ತೆರೆದಿಡಿ, ಕೇಂದ್ರ ಜಿಲ್ಲೆಯಲ್ಲೇ ಕೊಡಿ, ಪ್ರಯಾಣಕ್ಕೆ ಬಸ್ ಬಿಡಿ ಅಂತಲೂ ಜೊತೆಗೇ ಕೇಳಬೇಕು.

5. ಮುಂದಿನ ಕೊಂಡಿಗಳ ಕಥೆ ಏನು? ಕೌನ್ಸೆಲಿಂಗ್, ಕಾಲೇಜು ಆರಂಭ, ಇಂಟರ್ನ್‌ಶಿಪ್, ವಾರ್ಡಿನಲ್ಲಿ ವೈದ್ಯರ ಸಂಖ್ಯೆ. 2020ರ ಬ್ಯಾಚಿನ ಎಂಬಿಬಿಎಸ್ ತರಗತಿ ಶುರುವಾಗಿದ್ದು 2021ರ ಫೆಬ್ರುವರಿಯಲ್ಲಿ.

ಈ ಐದಕ್ಕೂ ಪ್ರತಿ ಸಲ ಬೀದಿಯಲ್ಲಿ ನಿಂತು ಉತ್ತರ ಹುಡುಕೋ ಗತಿ ಬರಬಾರದು ಅಂದರೆ ನಿಯಮ ಮೊದಲೇ ಬರೆದಿಟ್ಟಿರಬೇಕು. ನನ್ನ ಬೇಡಿಕೆ ದೊಡ್ಡದೇನಲ್ಲ. ಪರೀಕ್ಷೆಯ ಅಧಿಸೂಚನೆಯಲ್ಲೇ ಒಂದು ಮೀಸಲು ದಿನಾಂಕ ಇರಲಿ. ಯಾವ ಸಂದರ್ಭದಲ್ಲಿ ಅದು ಜಾರಿಗೆ ಬರುತ್ತೆ, ಯಾವ ದಾಖಲೆ ಕೊಟ್ಟರೆ ಅಭ್ಯರ್ಥಿಗೆ ಅದು ಸಿಗುತ್ತೆ ಅಂತ ಬರೆದಿರಲಿ. ಎಷ್ಟು ದಿನ ಮೊದಲು ಹೇಳಬೇಕು, ಅದಕ್ಕಿಂತ ತಡವಾಗಿ ಮುಂದೂಡಿದರೆ ಪ್ರಯಾಣದ ಖರ್ಚು ಯಾರು ಕೊಡಬೇಕು ಅನ್ನೋದೂ ಇರಲಿ. ಆಗ ಸಚಿವರ ಟ್ವೀಟಿಗೆ, ನ್ಯಾಯಾಧೀಶರ ಮನಸ್ಸಿಗೆ ಇಪ್ಪತ್ತು ಲಕ್ಷ ಮಕ್ಕಳು ಕಾಯ್ತಾ ಕೂರಬೇಕಿಲ್ಲ.

ನನಗೆ ಆ ವರ್ಷ ಸೀಟು ಸಿಗಲಿಲ್ಲ. ಬಿ.ಎಸ್ಸಿ. ಸೇರಿ, ಆಮೇಲೆ ಬರವಣಿಗೆಗೆ ಬಂದೆ. ಗೆಳತಿ ಸೆಪ್ಟೆಂಬರ್ 13ರಂದು ಬರೆದಳು, ಮುಂದಿನ ವರ್ಷ ಸೆಪ್ಟೆಂಬರ್ 12ರಂದು ಇನ್ನೊಮ್ಮೆ ಬರೆದಳು. ಎರಡು ಸಲವೂ ಮುಂದೂಡಿದ ಪರೀಕ್ಷೆಯೇ. ಈಗ ಅವಳು ಒಂದು ಆಸ್ಪತ್ರೆಯಲ್ಲಿ ನರ್ಸ್. ಈ ಲೇಖನ ಬರೆಯೋ ಮೊದಲು ಫೋನ್ ಮಾಡಿ, ಅವತ್ತು ನೀನಂದ ಮಾತು ಬರೀಲಾ ಅಂತ ಕೇಳಿದೆ. ‘ಬರಿ. ಆದ್ರ ನನ್ನ ಪುಸ್ತಕ ಹಾಸ್ಟೆಲಿನ್ಯಾಗ ಉಳಿದಿದ್ದೂ ಬರಿ’ ಅಂದಳು.